ಮೂರನೇ ಜೋಡಿ ಬಿರಿಯಲಿಲ್ಲ

ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ, ಜರ್ಮನಿಯ ಒಂದು ಇಡೀ ಚಳಿಗಾಲವನ್ನು ಹೀಟರ್ ಉರಿಯುವ ಕೋಣೆಯಲ್ಲಿ ಕಳೆದ ಕರ್ಲಾಕಟ್ಟೆ (ಸಾಮಿಗೆ ತಿರುಗಿಸುವ ಮರದ ಗದೆ) ಜೋಡಿ ಈಗ ಗಂಗಾವತಿಯ ನಮ್ಮ ಪಡಸಾಲೆಯಲ್ಲಿದೆ. ನಿನ್ನೆ ರಾತ್ರಿ ಬ್ಯಾಟರಿ ಹಿಡಿದು ಬುಡದಿಂದ ಹಿಡಿಯವರೆಗೆ ತಿರುಗಿಸಿ ತಿರುಗಿಸಿ ನೋಡಿದೆ. ಕೂದಲೆಳೆಯಷ್ಟೂ ಬಿರುಕಿಲ್ಲ. ಎರಡು ಜೋಡಿ ಕಳೆದುಕೊಂಡ ಮೇಲೆ ಬಂದ ಗೆಲುವು, ಬರೆಯದೆ ಇರಲಾರೆ.

ಡ್ಯೂಸ್‌ಬರ್ಗ್‌ನ ಉಕ್ಕಿನ ಕಾರ್ಖಾನೆಯಲ್ಲಿ ನನ್ನದು ಮೂರು ಪಾಳಿಯ ಕೆಲಸ. ಬೆಳಗಿನ ಪಾಳಿ ಆರಕ್ಕೆ ಆರಂಭ, ಆದ್ದರಿಂದ ಸಾಮು ನಾಲ್ಕೂವರೆಗೆ. ಅಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸದ್ದು ಮಾಡುವಂತಿಲ್ಲ. ಮೊದಲ ವಾರ ದಂಡ, ಬಸ್ಕಿ ಹೊಡೆದಾಗ ಕೆಳಮನೆಯ ಅಜ್ಜಿ ಮೂರನೇ ದಿನವೇ ಮೆಟ್ಟಿಲು ಹತ್ತಿ ಬಂದರು. ಕರ್ಲಾಕಟ್ಟೆಗೆ ಮಾತ್ರ ಸದ್ದಿಲ್ಲ. ಬೆನ್ನ ಹಿಂದಿನಿಂದ ಸುತ್ತಿ ಎದೆಯ ಮುಂದೆ ಬಂದು ನಿಲ್ಲುವಾಗ ನಮ್ಮ ಉಸಿರು ಬಿಟ್ಟರೆ ಬೇರೇನೂ ಕೇಳಿಸದು. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಎಂಟೂವರೆಗೆ, ಮುಳುಗುವುದು ನಾಲ್ಕೂವರೆಗೆ ಮುಂಚೆಯೇ. ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುವ ಆ ದಿನಗಳಲ್ಲಿ ನನ್ನನ್ನು ಹಾಸಿಗೆಯಿಂದ ಎಬ್ಬಿಸುತ್ತಿದ್ದುದು ಈ ಎರಡು ಮರದ ತುಂಡುಗಳೇ. ಅಲ್ಲಿ ಕಬ್ಬಿಣದ ಗದೆಗಳೂ ಸಿಗುತ್ತವೆ, ಕೊಂಡೂ ನೋಡಿದೆ. ಬೆಳಗಿನ ಚಳಿಯಲ್ಲಿ ಆ ಹಿಡಿಯನ್ನು ಮುಟ್ಟಲು ಕೈ ಒಪ್ಪಲಿಲ್ಲ.

ಇನ್ನು ಬಿರುಕಿನ ಕಥೆ.

ಮೊದಲ ಜೋಡಿ ಕರಿಜಾಲಿಯದು. ಒಂದೊಂದೂ ಮೂರು ಕಿಲೋ, ಒಳ್ಳೆಯ ತೂಕ. ನವೆಂಬರಿನಲ್ಲಿ ಹೀಟರ್ ಹಚ್ಚಿದ ಹನ್ನೊಂದನೆಯ ರಾತ್ರಿ 'ಟಪ್' ಎಂದಿತು. ಎದ್ದು ನೋಡಿದರೆ ಬುಡದ ನಡುವಿನಿಂದ ಅಂಚಿನವರೆಗೆ ಸೀಳು, ಒಂದು ರೂಪಾಯಿ ನಾಣ್ಯ ಅಡ್ಡವಾಗಿ ಇಳಿಯುವಷ್ಟು. ಚಳಿಗಾಲದ ಹೊರಗಾಳಿಯಲ್ಲಿ ನೀರಿನ ಅಂಶ ಬಹಳ ಕಡಿಮೆ. ಅದೇ ಗಾಳಿಯನ್ನು ಮನೆಯೊಳಗೆ ಕಾಯಿಸಿದಾಗ ಅದು ಸಿಕ್ಕಿದ್ದರಿಂದೆಲ್ಲ ನೀರು ಹೀರುತ್ತದೆ. ತುಟಿ ಒಡೆಯುತ್ತದೆ, ಹಿಮ್ಮಡಿ ಒಡೆಯುತ್ತದೆ, ಕರ್ಲಾಕಟ್ಟೆಯೂ ಒಡೆಯುತ್ತದೆ. 20 ಡಿಗ್ರಿ ಉಷ್ಣತೆಯಲ್ಲಿ ಗಾಳಿಯ ಆರ್ದ್ರತೆ ಶೇ. 65 ಇದ್ದರೆ ಕಟ್ಟಿಗೆ ಸುಮಾರು ಶೇ. 12ರ ತೇವಾಂಶಕ್ಕೆ ಬಂದು ನಿಲ್ಲುತ್ತದೆ; ಆರ್ದ್ರತೆ ಶೇ. 30ಕ್ಕೆ ಇಳಿದರೆ ಶೇ. 6ರ ಆಸುಪಾಸಿಗೆ.

ಎರಡನೆಯ ಜೋಡಿ ತೇಗದ್ದು. ಊರ ಕಡೆಯ ಕಟ್ಟಿಗೆ ಅಡ್ಡೆಯೊಂದರಲ್ಲಿ ಕೊಂಡೆ. ಮಾಲೀಕರು ತುಂಡಿನ ಮೇಲೆ ಕೈಯಿಟ್ಟು, ಮೂರು ವರ್ಷ ಒಣಗಿದ ಮಾಲು ಎಂದರು. ದುಡ್ಡೂ ಒಣಗಿದ ಮಾಲಿನದೇ ತೆಗೆದುಕೊಂಡರು. ಡಿಸೆಂಬರಿನಲ್ಲಿ ಅದೂ ಬಿರಿಯಿತು. ಈ ಸಲ ಸಿಟ್ಟಿನ ಜೊತೆಗೆ ತಕ್ಕಡಿಯೂ ಕೈಯಲ್ಲಿತ್ತು. ಬಿರಿದ ಬುಡದ ಒಳಗಿನಿಂದ ಒಂದು ಚಕ್ಕೆ ಕೊಯ್ದು ತೂಗಿದೆ: 118 ಗ್ರಾಂ. ಓವನ್‌ನಲ್ಲಿ 103 ಡಿಗ್ರಿಗೆ ಇಟ್ಟು, ತೂಕ ಇಳಿಯುವುದು ನಿಲ್ಲುವವರೆಗೆ ಕಾಯಿಸಿದೆ: 94 ಗ್ರಾಂ. ಹೋದ ನೀರು 24 ಗ್ರಾಂ. ಒಣ ತೂಕದಿಂದ ಭಾಗಿಸಿದರೆ ಶೇ. 25ಕ್ಕಿಂತ ಹೆಚ್ಚು. ಅದೂ ಹೀಟರ್ ಪಕ್ಕದಲ್ಲಿ ತಿಂಗಳುಗಟ್ಟಲೆ ಇದ್ದ ಮೇಲೆ! ಮೂರು ವರ್ಷ ಒಣಗಿದ್ದು ಆ ತುಂಡಿನ ತೊಗಟೆ ಮಾತ್ರ. ಇಂಚು ದಪ್ಪಕ್ಕೆ ಒಂದು ವರ್ಷ ಎಂಬ ಹಳೆಯ ಬಡಗಿಗಳ ಲೆಕ್ಕವನ್ನು ಅಡ್ಡೆಯವರು ತಿಳಿಯದವರೇನಲ್ಲ. ಗಿರಾಕಿ ಕೇಳುವುದಿಲ್ಲವೆಂದು ಹೇಳುವುದಿಲ್ಲ, ಅಷ್ಟೇ.

ಆದರೆ ಎಲ್ಲ ತಪ್ಪನ್ನೂ ಅವರ ತಲೆಗೆ ಕಟ್ಟಲಾರೆ. ಎರಡೂ ಜೋಡಿಯಲ್ಲಿ ಮರದ ತಿರುಳು ಬುಡದ ನಟ್ಟನಡುವೆ ಕಣ್ಣಿನಂತೆ ಕೂತಿತ್ತು, ಚೆಂದ ಕಾಣುತ್ತದೆಂದು ನಾನೇ ಹಾಗೆ ಕಡೆಸಿದ್ದೆ. ಮರ ಉದ್ದಕ್ಕೆ ಬಹುತೇಕ ಕುಗ್ಗುವುದೇ ಇಲ್ಲ. ತಿರುಳಿನಿಂದ ತೊಗಟೆಯ ಕಡೆಗೆ ಎಷ್ಟು ಕುಗ್ಗುತ್ತದೆಯೋ ಸುಮಾರು ಅದರ ಎರಡು ಪಟ್ಟು ಮರದ ಬೆಳವಣಿಗೆಯ ಬಳೆಗಳ ಸುತ್ತಿನಲ್ಲಿ ಕುಗ್ಗುತ್ತದೆ. ಬಂಡಿಯ ಗಾಲಿಗೆ ಕಾಯಿಸಿ ತೊಡಿಸಿದ ಕಬ್ಬಿಣದ ಪಟ್ಟಿ ತಣಿಯುತ್ತ ಹೇಗೆ ಬಿಗಿಯುತ್ತದೆಯೋ ಹಾಗೆ ಹೊರಸುತ್ತು ಬಿಗಿಯುತ್ತದೆ, ಒಳಗಿನ ಗಟ್ಟಿ ಜಾಗ ಬಿಡುವುದಿಲ್ಲ. ಪಟ್ಟಿಯಾದರೆ ತಡೆಯುತ್ತದೆ, ಮರ ಸೀಳುತ್ತದೆ. ನಮ್ಮ ಗರಡಿಯ ಹಳೆಯ ಜೋಡಿಗಳು ಅಜ್ಜನ ಕಾಲದಿಂದ ಉಳಿದದ್ದು ಹೇಗೆ ಎಂಬುದೂ ಆಗಲೇ ಹೊಳೆಯಿತು. ಎಣ್ಣೆ, ಮಜ್ಜಿಗೆ ಕುಡಿದ ಕೆಮ್ಮಣ್ಣಿನ ಪಕ್ಕ, ಸಣ್ಣ ಕಿಟಕಿಯ ತಂಪು ಕೋಣೆಯಲ್ಲಿ ಅವು ಅವಸರವಿಲ್ಲದೆ ಒಣಗಿದ್ದವು.

ಕಳೆದ ವರ್ಷದ ರಜೆಯಲ್ಲಿ ಅಡ್ಡೆಯ ಕಡೆ ತಲೆ ಹಾಕಲಿಲ್ಲ. ಆನೆಗೊಂದಿ ರಸ್ತೆಯ ಬದಿ ಹಳೆಯ ಮಣ್ಣಿನ ಮನೆಯೊಂದನ್ನು ಕೆಡವುತ್ತಿದ್ದರು. ಹೊಗೆ ಹಿಡಿದು ಕಪ್ಪಾದ, ಹತ್ತು ಇಂಚು ಚೌಕದ ತೇಗದ ತೊಲೆ ಅಂಗಳದಲ್ಲಿ ಬಿದ್ದಿತ್ತು. ತುದಿ ಕೊಯ್ದಾಗ ಒಳಗೆ ಜೇನುಬಣ್ಣ, ಮೂಗಿಗೆ ಚರ್ಮದಂಥ ವಾಸನೆ. ಚಕ್ಕೆಯನ್ನು ತಂಗಿಯ ಕೇಕ್ ಓವನ್‌ನಲ್ಲಿ ಕಾಯಿಸಿ ನೋಡಿದರೆ ತೇವಾಂಶ ಶೇ. 9! ತೊಲೆಯನ್ನು ಉದ್ದಕ್ಕೆ ನಾಲ್ಕಾಗಿ ಸೀಳಿಸಿ, ತಿರುಳಿದ್ದ ಮೂಲೆಯನ್ನು ಹೊರಗೆ ಬಿಟ್ಟು ಕಡೆಸಿದೆ. ಇದರಿಂದ ಬುಡದ ದಪ್ಪ ಹನ್ನೊಂದು ಸೆಂಟಿಮೀಟರಿಗೆ ಇಳಿಯಿತು, ತೂಕ ಎರಡೂ ಕಾಲು ಕಿಲೋ ದಾಟಿದ್ದಷ್ಟೇ. ಸೀಸ ತುಂಬಿಸು ಎಂದವರಿದ್ದಾರೆ. ದಿನವೂ ಕೈಯಲ್ಲಿ ಹಿಡಿಯುವ ವಸ್ತುವಿಗೆ ಸೀಸ ಬೇಡ, ಸುತ್ತುಗಳನ್ನು ಹೆಚ್ಚಿಸಿಕೊಂಡೆ.

ಲೇತ್‌ನಲ್ಲಿ ಮಾತ್ರ ಒಂದು ಅನಾಹುತವಾಯಿತು. ತೊಲೆಯೊಳಗೆ ಮುರಿದ ಮೊಳೆಯೊಂದು ಅಡಗಿ ಕೂತಿತ್ತು. ಕಿಡಿ ಹಾರಿತು, ಉಳಿಯ ಬಾಯಿ ಹೋಯಿತು. ಕಡೆಯುವ ಹಿರಿಯರು ಯಂತ್ರ ನಿಲ್ಲಿಸಿ, ಮೊಳೆಯನ್ನು ಕಿತ್ತು ನನ್ನ ಅಂಗೈ ಮೇಲಿಟ್ಟು, "ತೊಲೆಯ ಜೊತೆ ಇದು ಪುಕ್ಕಟೆ" ಎಂದರು. ಉಳಿಯ ಹಣವನ್ನು ಲೆಕ್ಕಕ್ಕೆ ಸೇರಿಸಲು ಮರೆಯಲಿಲ್ಲ.

ಡ್ಯೂಸ್‌ಬರ್ಗ್ ಸೇರಿದ ದಿನವೇ ಎರಡೂ ತುದಿಗೆ ಮೇಣ ಹಚ್ಚಿದೆ, ಏಕೆಂದರೆ ಮರದ ಎಳೆಗಳು ಕಡಿದ ತುದಿಯಿಂದ ನೀರು ಪಕ್ಕಕ್ಕಿಂತ ಹತ್ತು ಪಟ್ಟು ಬೇಗ ಹೋಗುತ್ತದೆ. ವೃತ್ತಪತ್ರಿಕೆ ಸುತ್ತಿ, ಹೀಟರ್‌ನಿಂದ ದೂರದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ವಾರಕ್ಕೊಮ್ಮೆ ತೂಗಿದೆ: 2,310 ಗ್ರಾಂ, 2,284, 2,268, 2,261, 2,259, ಮತ್ತೆ 2,259. ಆ ಕೊನೆಯ ಎರಡು ಅಂಕಿ ಒಂದೇ ಆಗಿ ಬಂದ ಭಾನುವಾರ ಅಡುಗೆಮನೆಯಲ್ಲಿ ಒಬ್ಬನೇ ಚಪ್ಪಾಳೆ ತಟ್ಟಿದೆ. ಆಮೇಲೆ ಅಗಸೆ ಎಣ್ಣೆಯ ತೆಳು ಲೇಪ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನೇ ಕಾದು ಹೊತ್ತಿಕೊಳ್ಳುತ್ತದೆ; ಬಿಡಿಸಿ ಹರಡಿ ಒಣಗಿಸಿ.

ಮುಂದಿನ ಯೋಜನೆ ಆಗಲೇ ತಲೆಯಲ್ಲಿ ಕುಣಿಯುತ್ತಿದೆ: ಉಸುಕಿನ ಚೀಲ. ನಮ್ಮ ಜಾತ್ರೆಗಳಲ್ಲಿ ಎತ್ತುವಂಥದ್ದೇ, ಸೆಣಬಿನ ಚೀಲ ಇಲ್ಲಿಂದ, ಉಸುಕು ಅಲ್ಲಿಂದ. ರಜೆಯ ದಿನ ನಾನು ಓಡುವುದು ಡ್ಯೂಸ್‌ಬರ್ಗ್‌ನದೇ ಮೈಡರಿಶ್ ಬಡಾವಣೆಯ ಹಳೆಯ ಕಬ್ಬಿಣದ ಕಾರ್ಖಾನೆಯಲ್ಲಿ. 1985ರಲ್ಲಿ ಮುಚ್ಚಿದ ಅದು 1994ರಿಂದ ಉದ್ಯಾನ; ಅದಿರು ತುಂಬುತ್ತಿದ್ದ ಕಾಂಕ್ರೀಟ್ ಗೋಡೆಗಳನ್ನು ಈಗ ಜನ ಹಗ್ಗ ಬಿಗಿದುಕೊಂಡು ಹತ್ತುತ್ತಾರೆ. ಆ ಊದುಕುಲುಮೆಯ ಕೆಳಗೆ ಗಂಗಾವತಿಯ ಭತ್ತದ ಚೀಲ ಹೆಗಲಿಗೇರಿಸಿ ನಡೆಯಬೇಕು. ಹೊಲಿಗೆ ಒಂದೇ ಸಾಲೋ ಎರಡೋ ಎಂಬುದನ್ನು ಬಲ್ಲವರು ಹೇಳಿ.

ಇಂದು ಬೆಳಿಗ್ಗೆ ಜೋಡಿಯನ್ನು ಗರಡಿಗೆ ಒಯ್ದೆ. ಉಸ್ತಾದರು ಬುಡಕ್ಕೆ ಬೆರಳ ಗೆಣ್ಣಿನಿಂದ ಕುಟ್ಟಿ, ಕಿವಿಗೊಟ್ಟು ಕೇಳಿ, ಎಪ್ಪತ್ತು ದಾಟಿದ ಭುಜದಲ್ಲಿ ಒಂಬತ್ತು ಸುತ್ತು ತಿರುಗಿಸಿದರು. ಕೆಳಗಿಟ್ಟು, "ಇಂಥದ್ದೇ ನಮಗೂ ಒಂದು ಜೋಡಿ" ಎಂದರು. ಆ ತೊಲೆಯ ಎರಡು ಸೀಳು ಹಿತ್ತಲಲ್ಲಿ ಇನ್ನೂ ಉಳಿದಿವೆ. ನಾಳೆ ಏಳಕ್ಕೆ ಲೇತ್‌ನವರು ಬರಹೇಳಿದ್ದಾರೆ, ಅಯಸ್ಕಾಂತ ತರಲು ಮರೆಯಬಾರದೆಂದೂ ಹೇಳಿದ್ದಾರೆ.