ಒಮಾಹಾ ಅಭ್ಯಾಸ: ಕೈಯಿಂದ ಎರಡು, ಮೇಜಿನಿಂದ ಮೂರು

ಪೋಕರ್ ಇಸ್ಪೀಟಾಟದಲ್ಲಿ ಟೆಕ್ಸಾಸ್ ಹೋಲ್ಡೆಮ್ ಅನ್ನೋ ಬಗೆ ಕೈಗೆ ಕೂತ ಮೇಲೆ ಈಗ ಒಮಾಹಾ ಅನ್ನೋ ಇನ್ನೊಂದು ಬಗೆ ಹಿಡಿದಿದ್ದೇನೆ. ದುಡ್ಡು ಕಟ್ಟಿ ಆಡೋದಿಲ್ಲ, ಬರೀ ಚಿಪ್ಸ್. ಕಲಿಕೆ ಎಲ್ಲಿಯವರೆಗೆ ಬಂತು ಅಂತ ಬರೆದಿಡುತ್ತಿದ್ದೇನೆ. ಹೊಸದಾಗಿ ಕಲಿಯುವವರಿಗೂ ಉಪಯೋಗಕ್ಕೆ ಬರಬಹುದು.

ಆಟ ಸಾಗುವ ಕ್ರಮ ಹೋಲ್ಡೆಮ್‌ನದ್ದೇ. ಡೀಲರ್‌ನ ಎಡಕ್ಕೆ ಕೂತ ಇಬ್ಬರು ಸ್ಮಾಲ್ ಬ್ಲೈಂಡ್, ಬಿಗ್ ಬ್ಲೈಂಡ್ ಹಾಕುತ್ತಾರೆ, ಅಂದರೆ ಎಲೆ ನೋಡುವ ಮುಂಚೆಯೇ ಹಾಕಲೇಬೇಕಾದ ಚಿಕ್ಕ ಬೆಟ್, ದೊಡ್ಡ ಬೆಟ್. ಎಲೆ ಹಂಚಿ ಒಂದು ಸುತ್ತು ಬೆಟ್ಟಿಂಗ್. ಆಮೇಲೆ ಮೇಜಿನ ಮೇಲೆ ಎಲ್ಲರಿಗೂ ಸೇರಿದ ಮೂರೆಲೆ ಬಿಚ್ಚುತ್ತಾರೆ, ಅದು ಫ್ಲಾಪ್. ನಾಲ್ಕನೆಯದು ಟರ್ನ್, ಐದನೆಯದು ರಿವರ್. ಒಂದೊಂದಾದ ಮೇಲೂ ಬೆಟ್ಟಿಂಗ್ ಇರುತ್ತದೆ. ಬೇರೆಯಾಗುವುದು ಎರಡು ಕಡೆ. ಕೈಗೆ ಎರಡರ ಬದಲು ನಾಲ್ಕೆಲೆ ಬರುತ್ತವೆ. ಕೊನೆಗೆ ಐದೆಲೆ ಕೂಡಿಸುವಾಗ ಕೈಯಿಂದ ಎರಡೇ ಎರಡು, ಮೇಜಿನಿಂದ ಮೂರೇ ಮೂರು ತಗೋಬೇಕು. ಒಂದು ಹೆಚ್ಚಾಗಲಿ ಕಡಿಮೆಯಾಗಲಿ ನಡೆಯೋದಿಲ್ಲ.

ಹೋಲ್ಡೆಮ್‌ನಲ್ಲಿ ಪಳಗಿದ ಕಣ್ಣಿಗೆ ಈ ಎರಡನೇ ನಿಯಮ ಒಗ್ಗೋಕೆ ಸಮಯ ಬೇಕು. ಮೇಜಿನ ಮೇಲೆ ಮೂರು ಒಂಬತ್ತು, ಒಂದು ರಾಜ, ಒಂದು ನಾಲ್ಕು ಇದೆ ಅಂದುಕೊಳ್ಳಿ. ನಿಮ್ಮ ಕೈಯಲ್ಲಿ ಎಕ್ಕ, ರಾಜ, ಏಳು, ಐದು. ಹೋಲ್ಡೆಮ್ ಕಣ್ಣಿಗೆ ಮೂರು ಒಂಬತ್ತು, ಎರಡು ರಾಜ, ಅಂದರೆ ಫುಲ್ ಹೌಸ್ ಕಾಣುತ್ತದೆ. ಲೆಕ್ಕ ಹಾಕಿ ನೋಡಿ: ಅದಕ್ಕೆ ಮೇಜಿನಿಂದಲೇ ನಾಲ್ಕೆಲೆ ಬೇಕು. ಒಮಾಹಾದಲ್ಲಿ ನಿಮಗೆ ಸಿಗೋದು ಮೂರು ಒಂಬತ್ತರ ಜೊತೆ ಎಕ್ಕ, ರಾಜ ಅಷ್ಟೇ. ಎದುರಿನವರ ಕೈಯಲ್ಲಿ ಬರೀ ಎರಡರ ಜೋಡಿ ಇದ್ದರೂ ಅವರದ್ದು ಫುಲ್ ಹೌಸ್, ಪಾಟ್ (ಬೆಟ್ ಆಗಿ ನಡುವೆ ಸೇರಿದ ಚಿಪ್ಸ್) ಅವರಿಗೇ. ಫ್ಲಶ್‌ಗೂ (ಒಂದೇ ಜಾತಿಯ ಐದೆಲೆ) ಇದೇ ಮಾತು. ಮೇಜಿನ ಮೇಲೆ ನಾಲ್ಕು ಆಟೀನ್ ಬಿದ್ದು, ಕೈಯಲ್ಲಿ ಆಟೀನ್ ಎಕ್ಕ ಒಂದೇ ಇದ್ದರೆ ಫ್ಲಶ್ ಆಗೋದಿಲ್ಲ.

ಇದಕ್ಕೆ ನಾನು ಮಾಡಿಕೊಂಡ ಅಭ್ಯಾಸ ಸುಲಭದ್ದು. ಕಟ್ಟು ಕಲಸಿ ಐದೆಲೆ ಬಿಚ್ಚಿಡುತ್ತೇನೆ. ಯಾವ ಎರಡೆಲೆ ಕೈಯಲ್ಲಿದ್ದರೆ ಇದಕ್ಕಿಂತ ದೊಡ್ಡದಿಲ್ಲ ಅಂತ ಹುಡುಕುತ್ತೇನೆ. ಅದೇ ನಟ್ಸ್. ಮೇಜಿನ ಮೇಲೆ ಜೋಡಿ ಇಲ್ಲದಿದ್ದರೆ ಯಾರಿಗೂ ಫುಲ್ ಹೌಸ್ ಇಲ್ಲ. ಒಂದೇ ಜಾತಿಯ ಮೂರೆಲೆ ಇಲ್ಲದಿದ್ದರೆ ಫ್ಲಶ್ ಇಲ್ಲ. ಆಮೇಲೆ ಸ್ಟ್ರೇಟ್ (ಸಾಲಾಗಿ ಬರುವ ಐದೆಲೆ) ನೋಡಿದರೆ ಸಾಕು. ಮೊದಮೊದಲು ಬೆರಳು ಮಡಚಿ ಎಣಿಸುತ್ತಿದ್ದೆ, ಈಗ ನೋಡಿದ ಕೂಡಲೇ ಹೊಳೆಯುತ್ತದೆ. ಒಮಾಹಾದಲ್ಲಿ ಈ ಅಭ್ಯಾಸ ಜಾಸ್ತಿ ಬೇಕು. ನಾಲ್ಕೆಲೆಯಿಂದ ಎರಡೆರಡರ ಆರು ಜೊತೆ ಆಗುತ್ತವೆ, ಹಾಗಾಗಿ ಎದುರಿನವರಿಗೆ ನಟ್ಸ್ ಸಿಕ್ಕಿರುವ ಸಾಧ್ಯತೆಯೂ ಹೆಚ್ಚು. ಹೋಲ್ಡೆಮ್‌ನಲ್ಲಿ ಕೈಗೆ ಬರಬಹುದಾದ ಜೊತೆಗಳು 1,326. ಇಲ್ಲಿ ನಾಲ್ಕೆಲೆಯ ಕೈಗಳು 2,70,725!

ಯಾವ ಕೈ ಆಡಬೇಕು ಅನ್ನೋದು ಈಗಿನ ಪಾಠ. ನಾಲ್ಕೂ ಎಲೆ ಒಂದಕ್ಕೊಂದು ನೆರವಾಗಬೇಕು. ಎರಡು ಎಕ್ಕ, ಎರಡು ರಾಜ, ಎರಡೆರಡು ಒಂದೇ ಜಾತಿಯವು ಅಂದರೆ ಸೊಗಸಾದ ಕೈ. ಆದರೆ ನಾಲ್ಕೂ ಎಕ್ಕ ಬಂದರೆ ಬಿಸಾಕೋದೇ ಲೇಸು. ಉಪಯೋಗಕ್ಕೆ ಬರೋದು ಎರಡೇ, ಮೂರನೇ ಎಕ್ಕ ಮೇಜಿನ ಮೇಲೆ ಬೀಳುವ ಹಾಗೂ ಇಲ್ಲ.

ನನಗೆ ತುಂಬಾ ಹಿಡಿಸಿದ್ದು ರ‍್ಯಾಪ್. ಅಂದರೆ ಕೈಯೆಲೆಗಳು ಮೇಜಿನ ಎಲೆಗಳನ್ನು ಸುತ್ತುವರಿದು ಸ್ಟ್ರೇಟ್‌ಗೆ ಹಲವು ದಾರಿ ತೆರೆಯೋದು. ಕೈಯಲ್ಲಿ 10, 9, 6, 5. ಫ್ಲಾಪ್ 8, 7, 2, ಮೂರೂ ಬೇರೆ ಜಾತಿ. ಗುಲಾಮ ಬರಲಿ, 10, 9, 6, 5, 4 ಯಾವುದೇ ಬರಲಿ, ಸ್ಟ್ರೇಟ್ ಆಗುತ್ತದೆ. ಎಣಿಸಿದರೆ 20 ಎಲೆ. ಕಾಣದ 45 ಎಲೆಯಲ್ಲಿ 20 ನಿಮ್ಮವು. ಟರ್ನ್, ರಿವರ್ ಎರಡನ್ನೂ ನೋಡಲು ಸಿಕ್ಕರೆ ಸ್ಟ್ರೇಟ್ ಆಗುವ ಸಾಧ್ಯತೆ ಶೇ. 70ರ ಹತ್ತಿರ. ಆದರೆ 10 ಅಥವಾ 9 ಬಿದ್ದರೆ ನಿಮ್ಮದು ನಟ್ಸ್ ಅಲ್ಲ. 10 ಬಂದಾಗ ಗುಲಾಮ-9, 9 ಬಂದಾಗ ಗುಲಾಮ-10 ಇಟ್ಟುಕೊಂಡವರು ನಿಮ್ಮನ್ನು ಹೊಡೆಯುತ್ತಾರೆ. ಆ 6 ಎಲೆ ಕಳೆದರೆ ಉಳಿದದ್ದು 14. ಈ ಕಳೆಯುವ ಲೆಕ್ಕ ಮಾಡದೆ ದೊಡ್ಡ ಬೆಟ್‌ಗೆ ಕೈ ಹಾಕಬಾರದು ಅಂತ ನನ್ನ ನಿಲುವು.

ಬೆಟ್ ವಿಷಯಕ್ಕೆ ಬಂದರೆ, ಒಮಾಹಾವನ್ನು ಸಾಮಾನ್ಯವಾಗಿ ಪಾಟ್ ಲಿಮಿಟ್‌ನಲ್ಲಿ ಆಡುತ್ತಾರೆ. ಏರಿಸಬಹುದಾದದ್ದು ಪಾಟ್‌ನಷ್ಟು ಮಾತ್ರ. ಪಾಟ್‌ನಲ್ಲಿ 100 ಇದೆ, ಎದುರಿನವರು 50 ಹಾಕಿದರು. ನೀವು ಮೊದಲು 50 ಸೇರಿಸಿದ ಹಾಗೆ ಲೆಕ್ಕ, ಆಗ ಪಾಟ್ 200. ಅದರ ಮೇಲೆ 200 ಏರಿಸಬಹುದು. ಒಟ್ಟು ಹಾಕೋದು 250. ಬಾಯಿಲೆಕ್ಕಕ್ಕೆ ಸುಲಭ ದಾರಿ ಇದೆ: ಎದುರಿನ ಬೆಟ್‌ನ ಮೂರರಷ್ಟಕ್ಕೆ, ಅದಕ್ಕೂ ಮುಂಚೆ ಇದ್ದ ಪಾಟ್ ಸೇರಿಸಿ.

ಮುಂದೆ ಹೈ-ಲೋ ಶುರು ಮಾಡುತ್ತೇನೆ. ಅದರಲ್ಲಿ ಅರ್ಧ ಪಾಟ್ ದೊಡ್ಡ ಕೈಗೆ, ಅರ್ಧ ಚಿಕ್ಕ ಕೈಗೆ. ಚಿಕ್ಕದಕ್ಕೆ ಎಂಟು ಅಥವಾ ಅದಕ್ಕಿಂತ ಕೆಳಗಿನ, ಬೇರೆ ಬೇರೆ ಅಂಕಿಯ ಐದೆಲೆ ಬೇಕು. ಎಕ್ಕವೂ ಅದರಲ್ಲಿ ಸೇರುತ್ತದೆ. ಹಾಗಾಗಿ ಮೇಜಿನ ಮೇಲೆ ಅಂಥ ಮೂರೆಲೆ ಇಲ್ಲದಿದ್ದರೆ ಇಡೀ ಪಾಟ್ ದೊಡ್ಡ ಕೈಗೇ. ದೊಡ್ಡದಕ್ಕೆ ಒಂದು ಜೊತೆ, ಚಿಕ್ಕದಕ್ಕೆ ಇನ್ನೊಂದು ಜೊತೆ ಅಂತ ಕೈಯಿಂದ ಬೇರೆ ಬೇರೆ ಎಲೆ ತಗೋಬಹುದು. ಇನ್ನು ಮೇಲೆ ಐದೆಲೆ ಬಿಚ್ಚಿಟ್ಟಾಗಲೆಲ್ಲ ಎರಡು ನಟ್ಸ್ ಹುಡುಕಬೇಕು.