ಕೊನೆಗೂ ಸಿಕ್ಕಿಬಿದ್ದ ಚೊಂಬು

ನನ್ನ ಅನಿಮೇಷನ್ ಫಿಲ್ಮಿನ ಶಾಟ್ 7ರಲ್ಲಿ ಮಿಣುಕುತ್ತಿದ್ದ ಗೋಡೆ ಕೊನೆಗೂ ಸುಮ್ಮನಾಯಿತು. ಹನ್ನೊಂದು ರಾತ್ರಿ ನಿದ್ದೆ ತಿಂದ ಗೋಡೆ ಇದು. ಕಳ್ಳ ಯಾರು ಅಂತ ಗೊತ್ತಾದಾಗ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಹೊಸದಾಗಿ ಓದುತ್ತಿರುವವರಿಗೆ: ಫೈನಲ್ ಇಯರ್ ಫಿಲ್ಮ್, 3 ನಿಮಿಷ 20 ಸೆಕೆಂಡು, ಅಂದರೆ 4800 ಫ್ರೇಮು. ತೀರ್ಥಹಳ್ಳಿ ಕಡೆಯ ಹಳೇ ಮನೆ, ಜೋರು ಮಳೆ, ಕರೆಂಟ್ ಇಲ್ಲ. ಅಜ್ಜಿ ಲಾಟೀನು ಹಚ್ಚುತ್ತಾರೆ, ಗೋಡೆ ಮೇಲೆ ಅವರ ನೆರಳು ಬೆಳೆಯುತ್ತಾ ಹೋಗುತ್ತದೆ. ಅನಿಮೇಷನ್ ಮುಗಿದಿದೆ, ಅದರ ಕಥೆ ಬೇಡ. ಈಗ ನಡೆಯುತ್ತಿರುವುದು ರೆಂಡರ್, ಅಂದರೆ ಕಂಪ್ಯೂಟರ್ ಬೆಳಕಿನ ಲೆಕ್ಕ ಹಾಕಿ ಒಂದೊಂದೇ ಫ್ರೇಮಿನ ಚಿತ್ರ ಬಿಡಿಸುವುದು. ಸಾಫ್ಟ್‌ವೇರ್ ಬ್ಲೆಂಡರ್, ಅದರೊಳಗಿನ ರೆಂಡರ್ ಎಂಜಿನ್ ಸೈಕಲ್ಸ್, 12 ಜಿಬಿಯ 3060 ಗ್ರಾಫಿಕ್ಸ್ ಕಾರ್ಡ್.

ಲಾಟೀನಿನ ಗಾಜಿನ ಗೋಳು ನಿಮಗೆಲ್ಲ ಗೊತ್ತು. ದೀಪವನ್ನು ಗಾಜಿನೊಳಗೆ ಇಟ್ಟ ಕೂಡಲೇ ಮನೆಯೆಲ್ಲ ಅಮಾವಾಸ್ಯೆ. ಗಾಜಿನ ಮೆಟೀರಿಯಲ್‌ಗೆ ಲೈಟ್ ಪಾಥ್ ನೋಡ್ ಹಾಕಿ, ಶ್ಯಾಡೋ ರೇ (ದೀಪದ ಬೆಳಕು ತಲುಪುತ್ತದೆಯೇ ಅಂತ ನೋಡುವ ಕಿರಣ) ಬಂದರೆ ಟ್ರಾನ್ಸ್‌ಪರೆಂಟ್, ಅಡ್ಡ ಬರಬೇಡ ಅಂತ ಹೇಳಿದರೆ ಬೆಳಕು ಹೊರಗೆ ಬರುತ್ತದೆ. ಅದನ್ನು ಮೊದಲ ದಿನವೇ ಮಾಡಿದ್ದೆ. ರಿಫ್ರ್ಯಾಕ್ಟಿವ್ ಕಾಸ್ಟಿಕ್ಸ್ (ಗಾಜಿನಲ್ಲಿ ಬಾಗಿ ಬರುವ ಬೆಳಕಿನ ಮಿನುಗು) ಕೂಡ ಆಫ್ ಮಾಡಿದ್ದೆ. ಸ್ಟಿಲ್ ಫ್ರೇಮು ಚೆನ್ನಾಗಿತ್ತು. ಪ್ಲೇ ಮಾಡಿದೆ ನೋಡಿ, ಗೋಡೆ ಅನ್ನದ ಪಾತ್ರೆ ಹಾಗೆ ಕೊತಕೊತ ಕುದಿಯುತ್ತಿದೆ!

ಬೆಳಕಿನ ಮಚ್ಚೆಗಳು ಒಂದೊಂದು ಫ್ರೇಮಿನಲ್ಲಿ ಒಂದೊಂದು ಕಡೆ. ಇದು ಡಿನಾಯ್ಸರ್ (ಚಿತ್ರದ ನಾಯ್ಸ್, ಅಂದರೆ ಕಾಳುಕಾಳು ಚುಕ್ಕೆ, ಒರೆಸುವ ಸಾಧನ) ಕೆಲಸ ಅಂತ ಎಲ್ಲರಂತೆ ನಾನೂ ಅಂದುಕೊಂಡೆ. ಅರ್ಧ ನಿಜ. ಬ್ಲೆಂಡರ್‌ನಲ್ಲಿ ರೆಂಡರ್ ಜೊತೆಗೇ ಓಡುವ ಡಿನಾಯ್ಸರ್‌ಗೆ ಹಿಂದಿನ ಫ್ರೇಮಿನ ನೆನಪು ಇರುವುದಿಲ್ಲ. ಪ್ರತಿ ಸಲ ಹೊಸ ನಾಯ್ಸ್ ನೋಡಿ ಹೊಸದಾಗಿ ಊಹೆ ಮಾಡುತ್ತದೆ. ಹಾಗಾದರೆ ನಾಯ್ಸ್ ಬದಲಾಗುವುದೇ ಬೇಡ ಅಂತ ಸೀಡ್ (ನಾಯ್ಸ್ ಎಲ್ಲೆಲ್ಲಿ ಬೀಳಬೇಕೆಂದು ನಿರ್ಧರಿಸುವ ಸಂಖ್ಯೆ) ಪಕ್ಕದ, ಅದನ್ನು ಪ್ರತಿ ಫ್ರೇಮಿಗೂ ಬದಲಾಯಿಸುವ ಗಡಿಯಾರ ಆಫ್ ಮಾಡಿದೆ. ಈಗ ಕುದಿಯಲಿಲ್ಲ. ಬದಲಿಗೆ ಕ್ಯಾಮೆರಾ ಸರಿದರೂ ಮಚ್ಚೆಗಳು ಇದ್ದಲ್ಲೇ ಅಂಟಿಕೊಂಡವು. ಕೊಳೆ ಮೆತ್ತಿದ ಬಸ್ ಕಿಟಕಿಯಿಂದ ಸಿನಿಮಾ ನೋಡಿದ ಹಾಗೆ. ವಾಪಸ್ ಆನ್.

ಆಮೇಲೆ ಸ್ಯಾಂಪಲ್, ಅಂದರೆ ಪಿಕ್ಸೆಲ್‌ಗೆ ಬಿಡುವ ಕಿರಣಗಳ ಸಂಖ್ಯೆ, ಏರಿಸಿದೆ. 512 ಆಯಿತು, 2048 ಆಯಿತು. ನಾಯ್ಸ್ ಅರ್ಧ ಆಗಬೇಕಾದರೆ ಸ್ಯಾಂಪಲ್ ನಾಲ್ಕು ಪಟ್ಟು ಬೇಕು, ಈ ಲೆಕ್ಕ ಬಡ್ಡಿ ಲೆಕ್ಕಕ್ಕಿಂತ ಕ್ರೂರ. ಒಂದು ಫ್ರೇಮಿಗೆ 7 ನಿಮಿಷ. ಮನೆಯೊಳಗಿನ ಶಾಟ್‌ಗಳೇ 1900 ಫ್ರೇಮು. ಒಂಬತ್ತು ದಿನ ಬಿಡದೆ ಓಡಬೇಕು, ಅದೂ ಕರೆಂಟ್ ಇದ್ದರೆ. ಇಷ್ಟಾದರೂ ಗೋಡೆ ಕುದಿಯುತ್ತಲೇ ಇತ್ತು, ಉರಿ ಮಾತ್ರ ಸ್ವಲ್ಪ ಸಣ್ಣಗಾಗಿತ್ತು. ಇಂಡೈರೆಕ್ಟ್ ಕ್ಲ್ಯಾಂಪ್ (ಪುಟಿದು ಬರುವ ಬೆಳಕಿನ ಹೊಳಪಿಗೆ ಹಾಕುವ ಮಿತಿ) 10ರಿಂದ 1ಕ್ಕೆ ಇಳಿಸಿದೆ. ಮಚ್ಚೆಯ ಜೊತೆ ಬೆಳಕೂ ಹೋಯಿತು. ಹೀಗೆ ಧಗ್ಗನೆ ಹೊಳೆಯುವ ಚುಕ್ಕೆಗೆ ಫೈರ್‌ಫ್ಲೈ ಅನ್ನುತ್ತಾರೆ. ಫೈರ್‌ಫ್ಲೈ ತಾನೇ, ಮಲೆನಾಡಿನ ಕಥೆ, ಮಿಣುಕುಹುಳ ಇರಲಿ ಬಿಡು ಅಂದ ಗೆಳೆಯನಿಗೆ ಇನ್ನೂ ಟೀ ಕೊಡಿಸಿಲ್ಲ.

ಈ ನಡುವೆ ಹಾರ್ಡ್ ಡಿಸ್ಕ್ ತುಂಬಿತು. ಫ್ರೇಮಿನ ಪದರಗಳನ್ನೆಲ್ಲ ಒಟ್ಟಿಗೆ ಉಳಿಸುವ ಮಲ್ಟಿಲೇಯರ್ ಇಎಕ್ಸ್‌ಆರ್ ಫೈಲು ಎಷ್ಟು ಜಾಗ ನುಂಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಎಸ್‌ಪಿ ರೋಡಿನ ಒಂದು ಅಂಗಡಿಯಲ್ಲಿ ಹೊಸದು ತಂದೆ. ಮೂರನೇ ದಿನ ಟಿಕ್ ಟಿಕ್ ಶುರು. ವಾಪಸ್ ಒಯ್ದರೆ ಅಂಗಡಿಯವರು ಕಿವಿಗಿಟ್ಟು ಕೇಳಿ, 'ಹೊಸದಲ್ವಾ ಸಾರ್, ಸ್ವಲ್ಪ ಸೌಂಡ್ ಇರುತ್ತೆ' ಅಂದರು. ಹೊಸ ಚಪ್ಪಲಿ ಅಂದುಕೊಂಡರೋ ಏನೋ. ಎರಡು ಸಲ ಓಡಾಡಿದ ಮೇಲೆ ಬದಲಾಯಿಸಿಕೊಟ್ಟರು.

ಹನ್ನೊಂದನೇ ರಾತ್ರಿ ಸೋತು, ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದೆ. ಡಿನಾಯ್ಸ್ ತೆಗೆದು, ಪಾಸ್‌ಗಳನ್ನು (ಬೆಳಕನ್ನು ಬಗೆಬಗೆಯಾಗಿ ಬೇರ್ಪಡಿಸಿದ ಪದರಗಳು) ಒಂದೊಂದಾಗಿ ನೋಡಿದೆ. ಡಿಫ್ಯೂಸ್ ಡೈರೆಕ್ಟ್, ಅಂದರೆ ದೀಪದಿಂದ ನೇರ ಬಿದ್ದ ಬೆಳಕು, ನೀಟಾಗಿತ್ತು. ಬೇರೆಡೆ ಪುಟಿದು ಬಂದ ಬೆಳಕಿನ ಡಿಫ್ಯೂಸ್ ಇಂಡೈರೆಕ್ಟ್ ತೆರೆದರೆ ಗೋಡೆಯ ಕೆಳಗಡೆ ಬಾಳೆಲೆ ಆಕಾರದಲ್ಲಿ ಬಿಳಿ ಚುಕ್ಕೆಗಳ ರಾಶಿ. ಡಿನಾಯ್ಸರ್ ಈ ಚುಕ್ಕೆಗಳನ್ನೇ ಉಜ್ಜಿ ಉಜ್ಜಿ ಮಚ್ಚೆ ಮಾಡುತ್ತಿತ್ತು. ಕೋಣೆಯ ಸಾಮಾನುಗಳನ್ನು ಒಂದೊಂದೇ ಮರೆಮಾಡುತ್ತಾ ಬಂದೆ. ಮಣೆ, ಕಂಬಳಿ, ಅಡಿಕೆ ಬುಟ್ಟಿ. ಏನೂ ಇಲ್ಲ. ಲಾಟೀನಿನ ಪಕ್ಕದ ಹಿತ್ತಾಳೆ ಚೊಂಬು ತೆಗೆದೆ. ಗೋಡೆ ತಣ್ಣಗಾಯಿತು.

ನಾನೇ ಪ್ರೀತಿಯಿಂದ ಹೊಳಪು ಕೊಟ್ಟ ಚೊಂಬು! ಸೈಕಲ್ಸ್‌ನಲ್ಲಿ ಕಿರಣ ದೀಪದಿಂದಲ್ಲ, ಕ್ಯಾಮೆರಾದಿಂದ ಹೊರಟು ದೀಪ ಹುಡುಕುತ್ತದೆ. ಗೋಡೆಯಿಂದ ಹೊರಟ ಕಿರಣ ಅದೃಷ್ಟವಿದ್ದರೆ ಚೊಂಬಿಗೆ ತಾಗಬೇಕು, ಅಲ್ಲಿಂದ ಪುಟಿದು ಒಂದು ಸೆಂಟಿಮೀಟರಿನ ಜ್ವಾಲೆಗೆ ಗುರಿ ಇಡಬೇಕು, ನಡುವೆ ಗಾಜು ಬೇರೆ. ಸಾವಿರಕ್ಕೆ ಒಂದು ಕಿರಣಕ್ಕೆ ಲಾಟರಿ ಹೊಡೆಯುತ್ತದೆ, ಆ ಪಿಕ್ಸೆಲ್ ಧಗ್ ಅನ್ನುತ್ತದೆ. ರಿಫ್ಲೆಕ್ಟಿವ್ ಕಾಸ್ಟಿಕ್ಸ್ (ಹೊಳೆಯುವ ವಸ್ತು ಪುಟಿಸುವ ಮಿನುಗು) ಆಫ್ ಮಾಡಿದರೆ ಮುಗಿಯಿತು. ಆದರೆ ಶಾಟ್ 3ರಲ್ಲಿ ನೆಲದ ಮೇಲೆ ಹಿತ್ತಾಳೆಯ ಮಿನುಗು ಬೇಕು ಅಂತ ಅದನ್ನು ಆನ್ ಇಟ್ಟಿದ್ದೆ, ಅದೇ ಸೆಟ್ಟಿಂಗ್ ಎಲ್ಲ ಶಾಟ್‌ಗೂ ಕಾಪಿ ಆಗಿತ್ತು. ಈಗ ಚೊಂಬಿನ ರೇ ವಿಸಿಬಿಲಿಟಿಯಲ್ಲಿ ಡಿಫ್ಯೂಸ್ ಒಂದನ್ನೇ ತೆಗೆದಿದ್ದೇನೆ. ಕ್ಯಾಮೆರಾಗೆ ಚೊಂಬು ಕಾಣುತ್ತದೆ, ಗೋಡೆಗೆ ಕಾಣುವುದಿಲ್ಲ. ಶಾಟ್ 3ರ ಮಿನುಗಿಗೆ ಒಂದು ಸ್ಪಾಟ್ ಲೈಟು, ಅದರ ಮುಂದೆ ಕೈಯಲ್ಲಿ ಬರೆದ ಚಿತ್ರ. ಪೂರ್ತಿ ಮೋಸ, ಆದರೆ ನಿಜಕ್ಕಿಂತ ಚೆನ್ನಾಗಿದೆ. 512 ಸ್ಯಾಂಪಲ್, ಫ್ರೇಮಿಗೆ 3 ನಿಮಿಷ.

ಇದೇ ಹುರುಪಿನಲ್ಲಿ ಜ್ವಾಲೆಯ ನಡುಕವನ್ನು ರೆಂಡರ್‌ನಿಂದ ಕಿತ್ತು ಕಾಂಪ್‌ಗೆ (ಕಾಂಪೊಸಿಟಿಂಗ್, ರೆಂಡರ್ ಆದ ಪದರಗಳನ್ನು ಜೋಡಿಸಿ ತಿದ್ದುವ ಹಂತ) ಹಾಕಿದೆ. ಜ್ವಾಲೆಯ ಜಾಗದಲ್ಲಿ ಪಕ್ಕಪಕ್ಕ ಎರಡು ಪಾಯಿಂಟ್ ಲೈಟು, ಎರಡಕ್ಕೂ ಬೇರೆ ಬೇರೆ ಲೈಟ್ ಗ್ರೂಪ್, ಅಂದರೆ ಒಂದೊಂದರ ಬೆಳಕೂ ಬೇರೆ ಪದರದಲ್ಲಿ. ಕಾಂಪ್‌ನಲ್ಲಿ ಒಂದನ್ನು ಇಳಿಸುತ್ತಾ ಇನ್ನೊಂದನ್ನು ಏರಿಸಿದರೆ ಬೆಳಕಷ್ಟೇ ಅಲ್ಲ, ನೆರಳಿನ ಅಂಚೂ ತೂಗುತ್ತದೆ. ಒಂದೇ ಗ್ರೂಪನ್ನು ಏರಿಸಿ ಇಳಿಸಿದರೆ ಟ್ಯೂಬ್‌ಲೈಟ್ ಕೆಟ್ಟ ಹಾಗೆ ಕಾಣುತ್ತದೆ, ಮಾಡಿ ನೋಡಿಯೇ ಹೇಳುತ್ತಿದ್ದೇನೆ. ಎರಡು ಎಚ್ಚರಿಕೆ. ಸೈಕಲ್ಸ್ ಡಿನಾಯ್ಸ್ ಮಾಡುವುದು ಕಂಬೈನ್ಡ್ (ಎಲ್ಲ ಸೇರಿದ) ಪಾಸನ್ನು, ಗ್ರೂಪ್‌ಗಳನ್ನಲ್ಲ. ಪ್ರತಿ ಗ್ರೂಪಿಗೂ ಕಾಂಪ್‌ನಲ್ಲಿ ಒಂದು ಡಿನಾಯ್ಸ್ ನೋಡ್ ಬೇಕು, ಆಲ್ಬೆಡೋ (ಮೇಲ್ಮೈಯ ಬಣ್ಣ), ನಾರ್ಮಲ್ (ಮೇಲ್ಮೈ ಮುಖ ಮಾಡಿದ ದಿಕ್ಕು) ಪಾಸ್ ಸಮೇತ. ಇನ್ನೊಂದು, ವರ್ಲ್ಡ್‌ಗೂ (ಸುತ್ತಲಿನ ಆಕಾಶದ ಬೆಳಕು) ಗ್ರೂಪ್ ಕೊಡಿ. ನಾನು ಮರೆತು ಎಲ್ಲ ಕೂಡಿಸಿದರೆ ಕಿಟಕಿಯಾಚೆಯ ಆಕಾಶವೇ ಮಾಯ.

ಟೆಸ್ಟ್ ರೆಂಡರನ್ನು ಊರಿಗೆ ಕಳಿಸಿದೆ. ಅಜ್ಜಿ ಫೋನ್ ಮಾಡಿದರು. 'ಬತ್ತಿ ಇಷ್ಟು ಏರಿಸಿದ್ರೆ ಗಾಜು ಮಸಿ ಹಿಡಿಯೋದಿಲ್ವೇನೋ ಮಾರಾಯ?' ಬೆಳಕಿನ ಬಣ್ಣ 1900 ಕೆಲ್ವಿನ್, ಕಲರ್ ಸೆಟ್ಟಿಂಗ್ ಏಜಿಎಕ್ಸ್ ಅಂತೆಲ್ಲ ತಲೆ ಕೆಡಿಸಿಕೊಂಡವನಿಗೆ ಇದು ಹೊಳೆದೇ ಇರಲಿಲ್ಲ. ಗಾಜಿನ ಮೇಲ್ಭಾಗಕ್ಕೆ ಮಸಿ ಬಳಿದೆ. ಗೋಡೆ ಮೇಲೆ ಏನೂ ಬದಲಾಗಲಿಲ್ಲ. ಆಗಬಾರದು ಕೂಡ, ಶ್ಯಾಡೋ ರೇ ಹೋಗುತ್ತಿರುವುದು ಟ್ರಾನ್ಸ್‌ಪರೆಂಟ್ ಶೇಡರ್ ದಾರಿಯಲ್ಲಿ. ಮಸಿಯ ಟೆಕ್ಸ್ಚರನ್ನು ಆ ಶೇಡರಿನ ಬಣ್ಣಕ್ಕೂ ಜೋಡಿಸಿದೆ. ಗೋಡೆಯ ಮೇಲರ್ಧ ಮಂಕಾಯಿತು, ಅಜ್ಜಿಯ ನೆರಳಿನ ತಲೆ ಕತ್ತಲಿಗೆ ಸೇರಿತು. ಇಡೀ ಫಿಲ್ಮಿನಲ್ಲಿ ನನಗೆ ಅತೀ ಇಷ್ಟವಾದ ಫ್ರೇಮು ಈಗ ಅದೇ.

ಆ ಫ್ರೇಮು ನೋಡುತ್ತಾ ತಲೆ ಬೇರೆಲ್ಲೋ ಓಡಿತು. ಮುಂದಿನದು ತೊಗಲುಗೊಂಬೆ! ಬಿಳಿ ಪರದೆ, ಹಿಂದೆ ದೀಪ, ಬಣ್ಣ ಹಾಕಿದ ತೆಳು ಚರ್ಮದ ಮೂಲಕ ಬರುವ ಬೆಳಕು. ನೆರಳು ಕಪ್ಪಲ್ಲ, ಕೆಂಪು, ಹಸಿರು. ಗೊಂಬೆಗೆ ಟ್ರಾನ್ಸ್‌ಲೂಸೆಂಟ್ (ಬೆಳಕನ್ನು ಚದುರಿಸಿ ದಾಟಿಸುವ) ಶೇಡರ್ ಸಾಕೋ, ಬಣ್ಣದ ಟ್ರಾನ್ಸ್‌ಪರೆಂಟ್ ಬೆರೆಸಬೇಕೋ ಅಂತ ನಿನ್ನೆ ಎರಡು ಗಂಟೆ ಆಟವಾಡಿದೆ. ಬೆರೆಸಿದರೇನೇ ಚೆಂದ. ಗೊಂಬೆಯನ್ನು ಪರದೆಯಿಂದ ಒಂದು ಗೇಣು ಹಿಂದೆ ಎಳೆದರೆ ಅಂಚು ಕರಗುತ್ತದೆ, ಅದಂತೂ... ಸರಿ, ಮೊದಲು ಇದು ಮುಗಿಯಲಿ.

ಉಳಿದಿರುವುದು: ಕಾಲೇಜಿನ ಪ್ರೊಜೆಕ್ಟರ್‌ನಲ್ಲಿ ಕತ್ತಲ ಗೋಡೆ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತಿದೆ. ಸಣ್ಣ ಗ್ರೇನ್ (ಬೇಕಂತಲೇ ಸೇರಿಸುವ ಸಣ್ಣ ಚುಕ್ಕೆ) ಹಾಕಿದರೆ ಅಡಗುತ್ತಿದೆ, ಎಷ್ಟು ಅಂತ ನೋಡಬೇಕು. ಶಾಟ್ 11ರಲ್ಲಿ ಅಜ್ಜಿ ಲಾಟೀನು ಎತ್ತಿಕೊಂಡು ಜಗಲಿಗೆ ನಡೆಯುತ್ತಾರೆ, ಹೊರಗೆ ಮಳೆ. ಪ್ರತಿ ಹನಿಯೂ ಒಂದೊಂದು ಗಾಜು. ರಾತ್ರಿ ರೆಂಡರಿಗೆ ಹಾಕಿ ಮಲಗಿದ್ದೆ. ಈಗ ಎದ್ದು ನೋಡಿದರೆ ಫ್ರೇಮು 38.