ಖಾಲಿ ಮನೆಯ ಮುಂದೆ ನಲವತ್ತು ದಿನ

ದಿನ 1

ಅಕ್ಕನ ಮಗಳು ಶಾಲೆಯ ಬುದ್ಧಿಶಕ್ತಿ ಪರೀಕ್ಷೆಗೆಂದು ಕೊಟ್ಟ ಮಾದರಿ ಹಾಳೆಯನ್ನು ತಂದು ನನ್ನ ಮುಂದಿಟ್ಟಳು. ಒಂಬತ್ತು ಮನೆಗಳ ಒಂದು ಚೌಕ. ಎಂಟರಲ್ಲಿ ಚಿತ್ರಗಳಿವೆ, ಕೊನೆಯದು ಖಾಲಿ. ಅಲ್ಲಿಗೆ ಹೊಂದುವ ಚಿತ್ರವನ್ನು ಕೆಳಗಿನ ಎಂಟು ಆಯ್ಕೆಗಳಿಂದ ಆರಿಸಬೇಕು. ಒಮ್ಮೆ ಕಣ್ಣಾಡಿಸಿ "ಮೂರನೆಯದು" ಎಂದೆ. "ಯಾಕೆ?" ಎಂದು ಕೇಳಿದಳು. ಉತ್ತರ ಸರಿಯಾಗಿಯೇ ಇತ್ತು, ಆದರೆ ಕಾರಣ ಹೇಳಲು ನನಗೆ ಆಗಲಿಲ್ಲ. ನೋಟಕ್ಕೆ ಒಪ್ಪಿದ್ದನ್ನು ಆರಿಸಿದ್ದೆ, ಅಷ್ಟೆ.

ಈ ಬಗೆಯ ಚೌಕಗಳನ್ನು ಪ್ರಸಿದ್ಧಗೊಳಿಸಿದವರು ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಜಾನ್ ರೇವನ್. 1938ರಲ್ಲಿ ಪ್ರಕಟವಾದ ಅವರ ಪರೀಕ್ಷೆಯಲ್ಲಿ 60 ಪ್ರಶ್ನೆಗಳು, ತಲಾ 12 ಪ್ರಶ್ನೆಗಳ ಐದು ಗುಂಪುಗಳು. ಪ್ರತಿ ಗುಂಪೂ ಸುಲಭವಾದದ್ದರಿಂದ ಆರಂಭವಾಗಿ ಮೆಲ್ಲಮೆಲ್ಲನೆ ಕಠಿಣವಾಗುತ್ತದೆ. ಹಿಂದಿನ ಪ್ರಶ್ನೆಯೇ ಮುಂದಿನದಕ್ಕೆ ದಾರಿ ತೋರಿಸುವಂತೆ ಅದನ್ನು ಹೆಣೆದಿದ್ದಾರೆ.

ಇವತ್ತು ಎರಡು ತೀರ್ಮಾನ ಮಾಡಿದೆ. ನಿಜವಾದ ಪರೀಕ್ಷೆಯ ಪ್ರಶ್ನೆಗಳನ್ನು ಹುಡುಕಿ ಅಭ್ಯಾಸ ಮಾಡಿಸುವುದಿಲ್ಲ. ಒಮ್ಮೆ ನೋಡಿದ ಪ್ರಶ್ನೆ ಮತ್ತೆ ಎದುರಾದರೆ ಅದು ನೆನಪಿನ ಪರೀಕ್ಷೆಯಾಗುತ್ತದೆ. ಒಗಟುಗಳನ್ನು ನಾನೇ ಬರೆಯುತ್ತೇನೆ. ಎರಡನೆಯದು, ನಿಯಮವನ್ನು ಬಾಯಿಬಿಟ್ಟು ಹೇಳದೆ ಇಬ್ಬರೂ ಆಯ್ಕೆಗಳನ್ನು ನೋಡುವಂತಿಲ್ಲ.

ದಿನ 3

ಪೆಟ್ರೀಷಿಯಾ ಕಾರ್ಪೆಂಟರ್, ಮಾರ್ಸೆಲ್ ಜಸ್ಟ್ ಮತ್ತು ಪೀಟರ್ ಶೆಲ್ 1990ರಲ್ಲಿ ರೇವನ್ ಪರೀಕ್ಷೆಯ ಕಠಿಣ ಆವೃತ್ತಿಯನ್ನು ಬಿಡಿಸಿ ನೋಡಿ, ಅದರ ಹೆಚ್ಚಿನ ಪ್ರಶ್ನೆಗಳ ಹಿಂದೆ ಐದೇ ಬಗೆಯ ನಿಯಮಗಳಿವೆ ಎಂದು ತೋರಿಸಿದರು. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅವನ್ನು ನನ್ನ ಮಾತಿನಲ್ಲಿ ಬರೆದುಕೊಂಡೆ. ಅಡ್ಡಸಾಲಿನ ಉದ್ದಕ್ಕೂ ಬದಲಾಗದೆ ಉಳಿಯುವುದು. ಮನೆಯಿಂದ ಮನೆಗೆ ಒಂದೇ ಅಳತೆಯಲ್ಲಿ ಹೆಚ್ಚುವುದು ಅಥವಾ ಕುಗ್ಗುವುದು. ಮೊದಲೆರಡು ಮನೆಗಳನ್ನು ಕೂಡಿದರೆ ಅಥವಾ ಕಳೆದರೆ ಮೂರನೆಯದು ಬರುವುದು. ಮೂರು ಆಕೃತಿಗಳು ಪ್ರತಿ ಸಾಲಿನಲ್ಲೂ ಒಂದೊಂದು ಬಾರಿ, ಬೇರೆ ಬೇರೆ ಕ್ರಮದಲ್ಲಿ ಬರುವುದು. ಕೊನೆಯದು, ಒಂದು ಗೆರೆ ಸಾಲಿನ ಎರಡು ಮನೆಗಳಲ್ಲಿದ್ದು ಮೂರನೆಯದರಲ್ಲಿ ಇಲ್ಲದಿರುವುದು.

ಐದನೆಯದು ನನ್ನನ್ನು ಬಹಳ ಹೊತ್ತು ಕಾಡಿತು. ಮೊದಲ ಮನೆಯಲ್ಲಿ ವೃತ್ತ ಮತ್ತು ಲಂಬ ಗೆರೆ, ಎರಡನೆಯದರಲ್ಲಿ ವೃತ್ತ ಮತ್ತು ಅಡ್ಡ ಗೆರೆ, ಮೂರನೆಯದರಲ್ಲಿ ಆ ಎರಡು ಗೆರೆಗಳು ಸೇರಿದ ಕೂಡುವ ಚಿಹ್ನೆ (+) ಮಾತ್ರ. ವೃತ್ತ ಎಲ್ಲಿ ಹೋಯಿತು? ಎರಡೂ ಕಡೆ ಇರುವುದು ಅಳಿಯುತ್ತದೆ, ಒಂದೇ ಕಡೆ ಇರುವುದು ಉಳಿಯುತ್ತದೆ. ಈ ವಾಕ್ಯ ಸಿಗುವ ತನಕ ಚಿತ್ರ ಬರೀ ಗೊಂದಲವಾಗಿತ್ತು, ಸಿಕ್ಕಿದ ಮೇಲೆ ಹುಡುಗಿಗೆ ಹೇಳಿಕೊಡಲು ಅರ್ಧ ನಿಮಿಷವೂ ಬೇಕಾಗಲಿಲ್ಲ.

ದಿನ 8

ನಿಯಮಗಳ ಪಟ್ಟಿ ಕೈಯಲ್ಲಿದ್ದರೂ ಇವತ್ತು ಹತ್ತರಲ್ಲಿ ನಾಲ್ಕು ತಪ್ಪಿದೆ. ತಪ್ಪಿದ ನಾಲ್ಕನ್ನೂ ಮತ್ತೆ ಬಿಡಿಸಿದಾಗ, ಅವುಗಳಲ್ಲಿದ್ದ ನಿಯಮಗಳೆಲ್ಲ ನನಗೆ ಗೊತ್ತಿದ್ದವೇ ಎಂದು ತಿಳಿಯಿತು. ನಾನು ಎಡವಿದ್ದು ಅದಕ್ಕಿಂತ ಹಿಂದಿನ ಹೆಜ್ಜೆಯಲ್ಲಿ, ಮೊದಲ ಮನೆಯ ಯಾವ ಆಕೃತಿಗೆ ಎರಡನೇ ಮನೆಯ ಯಾವುದು ಜೋಡಿ ಎಂಬಲ್ಲಿ.

ಒಂದು ಉದಾಹರಣೆ. ಪ್ರತಿ ಮನೆಯಲ್ಲಿ ಮೇಲೊಂದು, ಕೆಳಗೊಂದು ಆಕೃತಿ. ಮೇಲೆ ಕ್ರಮವಾಗಿ ವೃತ್ತ, ಚೌಕ, ತ್ರಿಕೋನ. ಕೆಳಗೆ ಚೌಕ, ತ್ರಿಕೋನ, ವೃತ್ತ. ನಾನು ವೃತ್ತದ ಬೆನ್ನು ಹತ್ತಿದೆ. ಮೊದಲು ಮೇಲಿತ್ತು, ಆಮೇಲೆ ಕಾಣೆಯಾಯಿತು, ಕೊನೆಗೆ ಕೆಳಗೆ ಬಂತು. ಅದಕ್ಕೊಂದು ನಿಯಮ ಕಟ್ಟಲು ಹದಿನೈದು ನಿಮಿಷ ಹೆಣಗಿದೆ. ಕೆಳಗಿನ ಅರ್ಧವನ್ನು ಕೈಯಿಂದ ಮುಚ್ಚಿ ಮೇಲಿನದನ್ನಷ್ಟೇ ನೋಡಿದಾಗ ಎಲ್ಲ ಬಿಡಿಸಿಕೊಂಡಿತು. ಮೇಲಿನದಕ್ಕೆ ಮೇಲಿನದೇ ಜೋಡಿ, ಕೆಳಗಿನದಕ್ಕೆ ಕೆಳಗಿನದೇ. ಎರಡು ಬೇರೆ ಬೇರೆ ಒಗಟುಗಳು ಒಂದೇ ಚೌಕದಲ್ಲಿ ಕುಳಿತಿದ್ದವು.

ಇನ್ನೊಂದರಲ್ಲಿ ಇದಕ್ಕೆ ನೇರ ವಿರುದ್ಧ. ಅಲ್ಲಿ ಸ್ಥಾನ ನೋಡಿದರೆ ಏನೂ ಸಿಗುವುದಿಲ್ಲ, ಕಪ್ಪು ಬಣ್ಣದ್ದನ್ನು ಮಾತ್ರ ಹಿಂಬಾಲಿಸಿದರೆ ಅದು ಮೂಲೆಯಿಂದ ಮೂಲೆಗೆ ಸುತ್ತುತ್ತಿರುವುದು ಕಾಣುತ್ತದೆ. ಹಾಗಾಗಿ ಈಗ ನಿಯಮ ಹುಡುಕುವ ಮೊದಲು ಜೋಡಿ ಹುಡುಕುತ್ತೇನೆ. ಮೊದಲು ಸ್ಥಾನದಿಂದ, ಆಗದಿದ್ದರೆ ಆಕಾರದಿಂದ, ಅದೂ ಆಗದಿದ್ದರೆ ಬಣ್ಣ ಅಥವಾ ಗೀಟುಗಳಿಂದ. ಕೈಯಿಂದ ಮುಚ್ಚಿ ನೋಡುವುದು ಚಿಕ್ಕ ಉಪಾಯ, ಆದರೆ ಈ ವಾರದಲ್ಲಿ ನನಗೆ ಅದರಷ್ಟು ನೆರವಾದದ್ದು ಬೇರೆ ಯಾವುದೂ ಇಲ್ಲ.

ದಿನ 12

ತಿರುಗಿಸಿದ ಚಿತ್ರವೋ ಕನ್ನಡಿಯ ಬಿಂಬವೋ ಎಂದು ಹುಡುಗಿ ಪ್ರತಿ ಬಾರಿಯೂ ತಡವರಿಸುತ್ತಾಳೆ. ಹಾಳೆಯನ್ನು ತಿರುಗಿಸಿ ನೋಡುತ್ತಾಳೆ, ಕತ್ತು ವಾಲಿಸುತ್ತಾಳೆ. ಇವತ್ತು ಬೇರೆ ದಾರಿ ಹಿಡಿದೆವು. ಆಕೃತಿಯ ಅಂಚಿನಲ್ಲಿ ಮೂರು ಗುರುತು ಆರಿಸಬೇಕು, ಉದಾಹರಣೆಗೆ ಚುಕ್ಕೆ, ಕಚ್ಚು, ಬಾಲ. ಗಡಿಯಾರದ ಮುಳ್ಳು ಹೋಗುವ ದಿಕ್ಕಿನಲ್ಲಿ ಅವುಗಳ ಹೆಸರು ಹೇಳುತ್ತ ಹೋಗಬೇಕು. ಎಷ್ಟೇ ಡಿಗ್ರಿ ತಿರುಗಿಸಿದರೂ ಚುಕ್ಕೆಯ ನಂತರ ಕಚ್ಚು, ಕಚ್ಚಿನ ನಂತರ ಬಾಲ. ಚುಕ್ಕೆಯ ನಂತರ ಬಾಲ ಬಂದರೆ ಅದು ಕನ್ನಡಿಯ ಬಿಂಬ. ಹನ್ನೆರಡು ಚಿತ್ರಗಳಲ್ಲಿ ಹನ್ನೊಂದನ್ನು ಕತ್ತು ವಾಲಿಸದೆ ಸರಿಯಾಗಿ ಹೇಳಿದಳು.

ದಿನ 17

ಇವತ್ತು ನನ್ನ ಒಗಟುಗಳ ದೊಡ್ಡ ದೋಷವೊಂದು ಬಯಲಾಯಿತು. ಹೊಸದಾಗಿ ಬರೆದ ಒಂದನ್ನು ಹುಡುಗಿ ಐದು ಸೆಕೆಂಡಿನಲ್ಲಿ ಬಿಡಿಸಿದಳು. ನಿಯಮ ಹೇಳು ಎಂದರೆ, "ನಾನು ಮೇಲಿನ ಚೌಕ ನೋಡಲೇ ಇಲ್ಲ, ಚಿಕ್ಕಮ್ಮ. ಇವುಗಳಲ್ಲಿ ಕಪ್ಪು ಹೆಚ್ಚು, ತ್ರಿಕೋನ ಹೆಚ್ಚು, ದೊಡ್ಡದು ಹೆಚ್ಚು. ಹಾಗಾಗಿ ದೊಡ್ಡ ಕಪ್ಪು ತ್ರಿಕೋನ" ಎಂದಳು.

ಅವಳು ಹೇಳಿದ್ದು ನಿಜ. ಸರಿಯುತ್ತರವನ್ನು ಮೊದಲು ಬರೆದು, ಅದರ ಒಂದೊಂದೇ ಗುಣ ಬದಲಿಸಿ ತಪ್ಪು ಆಯ್ಕೆಗಳನ್ನು ಮಾಡಿದ್ದೆ. ಒಂದರಲ್ಲಿ ಬಣ್ಣ ಬೇರೆ, ಇನ್ನೊಂದರಲ್ಲಿ ಆಕಾರ ಬೇರೆ, ಮತ್ತೊಂದರಲ್ಲಿ ಗಾತ್ರ ಬೇರೆ. ಹೀಗೆ ಮಾಡಿದಾಗ ಸರಿಯುತ್ತರದ ಪ್ರತಿ ಗುಣವೂ ಆಯ್ಕೆಗಳಲ್ಲಿ ಬಹುಮತ ಪಡೆಯುತ್ತದೆ. ಕಂಪ್ಯೂಟರುಗಳ ತರ್ಕಶಕ್ತಿಯನ್ನು ಅಳೆಯಲು 2019ರಲ್ಲಿ ರೇವನ್ ಹೆಸರಿನಲ್ಲೇ ತಯಾರಾದ ಒಗಟುಗಳ ಸಂಗ್ರಹದಲ್ಲೂ ಇದೇ ದೋಷವಿತ್ತು. ಆಯ್ಕೆಗಳನ್ನಷ್ಟೇ ನೋಡಿದ ಯಂತ್ರಗಳೂ ಅದರಲ್ಲಿ ಒಳ್ಳೆಯ ಅಂಕ ಪಡೆದವು. ಆಮೇಲೆ ಬೇರೆ ಸಂಶೋಧಕರು ಅದನ್ನು ತಿದ್ದಿದರು.

ನನ್ನ ತಿದ್ದುಪಡಿ ಹೀಗಿದೆ. ಎರಡು ಬಣ್ಣ, ಎರಡು ಆಕಾರ, ಎರಡು ಗಾತ್ರ ತೆಗೆದುಕೊಂಡು ಎಲ್ಲ ಜೋಡಣೆಗಳನ್ನೂ ಬರೆದರೆ ಸರಿಯಾಗಿ ಎಂಟು ಆಯ್ಕೆಗಳು ಬರುತ್ತವೆ. ಪ್ರತಿ ಗುಣವೂ ನಾಲ್ಕು ಕಡೆ ಇರುತ್ತದೆ, ನಾಲ್ಕು ಕಡೆ ಇರುವುದಿಲ್ಲ. ಈಗ ಚೌಕವನ್ನು ನೋಡದೆ ಗತಿಯಿಲ್ಲ. ಹಳೆಯ ಆಯ್ಕೆಗಳನ್ನೆಲ್ಲ ಅಳಿಸಿ ಹೊಸದಾಗಿ ಬರೆಯಲು ಸಂಜೆಯೆಲ್ಲ ಹಿಡಿಯಿತು.

ದಿನ 20

ಒಗಟು ಬಿಡಿಸಲಿಲ್ಲ. ಈ ಪರೀಕ್ಷೆಯ ಅಂಕ ಹುಟ್ಟಿನಿಂದ ಬಂದ ಬುದ್ಧಿಯ ಅಳತೆ, ಅದು ಬದಲಾಗುವುದಿಲ್ಲ ಎಂದು ಯಾರೋ ಅವಳ ಮುಂದೆ ಹೇಳಿದ್ದಾರೆ. ಮುಖ ಸಣ್ಣದು ಮಾಡಿಕೊಂಡು ಬಂದಿದ್ದಳು. ಸಂಶೋಧಕ ಜೇಮ್ಸ್ ಫ್ಲಿನ್ 1987ರಲ್ಲಿ 14 ದೇಶಗಳ ಬುದ್ಧಿಶಕ್ತಿ ಪರೀಕ್ಷೆಗಳ ಅಂಕಗಳನ್ನು ಹೋಲಿಸಿ ನೋಡಿದಾಗ, ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಅಂಕ ಏರಿರುವುದು ಕಂಡಿತು. ಆ ಏರಿಕೆ ರೇವನ್ ಮಾದರಿಯ ಚಿತ್ರಪ್ರಶ್ನೆಗಳಲ್ಲೇ ಎದ್ದು ಕಾಣುತ್ತಿತ್ತು. ಒಂದು ತಲೆಮಾರಿನಲ್ಲಿ ಜನರ ಹುಟ್ಟುಗುಣ ಅಷ್ಟು ಬದಲಾಗಲು ಸಾಧ್ಯವಿಲ್ಲ. ಇದನ್ನು ಅವಳಿಗೆ ಅರ್ಥವಾಗುವಂತೆ ಹೇಳಿದೆ. ಮಕ್ಕಳ ಮುಂದೆ ಅಂಥ ಮಾತು ಆಡುವವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ.

ದಿನ 26

ಮಡಿಸಿದ ಕಾಗದಕ್ಕೆ ತೂತು ಹಾಕಿ ಬಿಡಿಸಿದರೆ ಹೇಗೆ ಕಾಣುತ್ತದೆ ಎಂಬ ಪ್ರಶ್ನೆಗಳು. ಮೊದಲು ನಿಜವಾದ ಕಾಗದ ಮತ್ತು ಕತ್ತರಿಯಿಂದಲೇ ಮಾಡಿದೆವು. ಕಾಗದವನ್ನು ಸರಿಯರ್ಧಕ್ಕೆ ಒಮ್ಮೆ ಮಡಿಸಿದರೆ ಒಂದು ತೂತು ಎರಡಾಗುತ್ತದೆ, ಎರಡು ಬಾರಿ ಮಡಿಸಿದರೆ ನಾಲ್ಕು. ಕೊನೆಯ ಮಡಿಕೆಯನ್ನು ಮೊದಲು ಬಿಡಿಸಬೇಕು, ಪ್ರತಿ ಮಡಿಕೆಯ ಗೆರೆಯೂ ಒಂದು ಕನ್ನಡಿ. ಕಾಗದದ ಒಂದು ಮೂಲೆಯನ್ನಷ್ಟೇ ಮಡಿಸಿದಾಗ ಮಾತ್ರ ಇಬ್ಬರೂ ತಪ್ಪಿದೆವು. ತೂತು ಬಿದ್ದ ಜಾಗದಲ್ಲಿ ಕಾಗದ ಒಂದೇ ಪದರವಿತ್ತು, ನಾವು ಎರಡೆಂದು ಲೆಕ್ಕ ಹಾಕಿದ್ದೆವು. ತೂತಿನ ಕೆಳಗೆ ಎಷ್ಟು ಪದರ ಎಂದು ಮೊದಲು ಎಣಿಸಬೇಕು ಎಂದು ದೊಡ್ಡಕ್ಷರದಲ್ಲಿ ಬರೆದುಕೊಂಡೆ.

ದಿನ 33

ಚುಕ್ಕೆಗಳ ಒಗಟು. ಮೊದಲ ಸಾಲಿನಲ್ಲಿ 1, 2, 3 ಚುಕ್ಕೆಗಳು. ಎರಡನೆಯದರಲ್ಲಿ 2, 4, 6. ಮೂರನೆಯದರಲ್ಲಿ 3, 5, ಆಮೇಲೆ ಖಾಲಿ ಮನೆ. ಕೂಡುವ ನಿಯಮ ಇಟ್ಟುಕೊಂಡು ಬರೆದಿದ್ದೆ, ಉತ್ತರ 8. ಅವಳು 7 ಎಂದಳು. ತಪ್ಪು ಎಂದು ಗುರುತು ಹಾಕಿದೆ.

"ನಿಯಮ ಹೇಳುತ್ತೇನೆ, ಕೇಳು ಚಿಕ್ಕಮ್ಮ. ಮೊದಲ ಸಾಲಿನಲ್ಲಿ ಒಂದೊಂದು ಹೆಚ್ಚುತ್ತದೆ. ಎರಡನೆಯದರಲ್ಲಿ ಎರಡೆರಡು. ಮೂರನೆಯದರಲ್ಲೂ ಮೂರರಿಂದ ಐದಕ್ಕೆ ಎರಡು ಹೆಚ್ಚಿದೆ. ಹಾಗಾದರೆ ಏಳಲ್ಲವೇ?"

ನೋಟ್‌ಬುಕ್ ಹಿಡಿದುಕೊಂಡು ಸುಮ್ಮನೆ ಕುಳಿತೆ. ಕಂಬಸಾಲುಗಳಲ್ಲಿ ಏನಾದರೂ ಆಧಾರ ಸಿಗುತ್ತದೆಯೇ ಎಂದು ಹುಡುಕಿದೆ, ಸಿಗಲಿಲ್ಲ. ಅವಳ ನಿಯಮ ನನ್ನದರಷ್ಟೇ ಸರಿ. ನಾನು ಕೊಟ್ಟ ಎರಡೂ ಸಾಲುಗಳು ಎರಡೂ ನಿಯಮಗಳಿಗೆ ಒಪ್ಪುತ್ತವೆ. ತಪ್ಪು ಗುರುತನ್ನು ಹೊಡೆದು ಹಾಕಿ, ಪಕ್ಕದಲ್ಲಿ ಸರಿ ಎಂದು ಬರೆದು, ಅವಳ ಕ್ಷಮೆ ಕೇಳಿದೆ. ಆಮೇಲೆ ಎರಡನೇ ಸಾಲನ್ನು 2, 5, 7 ಎಂದು ಬದಲಿಸಿದೆ. ಈಗ ಸಮಾನ ಏರಿಕೆಯ ನಿಯಮಕ್ಕೆ ಜಾಗವಿಲ್ಲ, ಉತ್ತರ 8 ಒಂದೇ.

ರಾತ್ರಿ ನಿದ್ದೆ ಹತ್ತಲಿಲ್ಲ. ನಿಯಮ ಹೇಳು ಎಂದು ನಾನು ಮೊದಲ ದಿನದಿಂದ ಹಟ ಹಿಡಿದಿದ್ದು ಅವಳ ತಪ್ಪು ಹಿಡಿಯಲು ಅನುಕೂಲ ಎಂದುಕೊಂಡು. ಅದರಿಂದ ಸಿಕ್ಕಿಬಿದ್ದದ್ದು ನನ್ನ ತಪ್ಪು. ಗಡಿಯಾರ ನೋಡಿ ನಡೆಸುವ ಪರೀಕ್ಷೆಯಲ್ಲಿ ಯಾರೂ ಅವಳನ್ನು ಯಾಕೆ ಎಂದು ಕೇಳುವುದಿಲ್ಲ. ಅಲ್ಲಿ ಆ ಏಳು ಸುಮ್ಮನೆ ತಪ್ಪಾಗಿಯೇ ಉಳಿಯುತ್ತಿತ್ತು. ಒಗಟು ಬರೆಯುವವರು ಬೇರೆ ಯಾವ ನಿಯಮ ಒಪ್ಪಬಹುದು ಎಂದು ಮಗುವಿನ ಜಾಗದಲ್ಲಿ ಕುಳಿತು ಹುಡುಕಲೇಬೇಕು.

ದಿನ 40

ಏಳು ದಿನಗಳಿಂದ ಹೊಸ ಒಗಟು ಬರೆದಿಲ್ಲ. ಹಳೆಯ 64ನ್ನೂ ಒಂದೊಂದಾಗಿ ತೆಗೆದು, ಉತ್ತರ ಮುಚ್ಚಿಟ್ಟು, ಬೇರೆ ನಿಯಮ ಹೊಂದುತ್ತದೆಯೇ ಎಂದು ಇಬ್ಬರೂ ಹುಡುಕಿದೆವು. ಹುಡುಗಿಗೆ ಈ ಕೆಲಸ ಬಿಡಿಸುವುದಕ್ಕಿಂತ ಹೆಚ್ಚು ಹಿಡಿಸಿದೆ. ಒಂಬತ್ತರಲ್ಲಿ ಎರಡನೇ ನಿಯಮ ಸಿಕ್ಕಿತು, ಅವುಗಳಲ್ಲಿ ಐದನ್ನು ಹಿಡಿದವಳು ಅವಳು. ಆರು ಒಗಟುಗಳು ಒಂದೊಂದು ಮನೆ ಬದಲಿಸಿದ್ದರಿಂದ ಸರಿಹೋದವು. ಎರಡನ್ನು ಹರಿದು ಹಾಕಿದೆ. ಉಳಿದ ಒಂದರಲ್ಲಿ ಕಪ್ಪು ವೃತ್ತ ಬಲಕ್ಕೆ ಸುತ್ತುತ್ತಿದೆಯೋ ಎಡಕ್ಕೋ ಎಂದು ಹೇಳಲು ಆಗುವುದಿಲ್ಲ, ಏಕೆಂದರೆ ಪ್ರತಿ ಹೆಜ್ಜೆಗೂ ಸರಿಯಾಗಿ 180 ಡಿಗ್ರಿ ತಿರುಗಿಸಿಬಿಟ್ಟಿದ್ದೇನೆ. ನಾಳೆ ಅದನ್ನು 90ಕ್ಕೆ ಇಳಿಸಿ ಮೂರೂ ಸಾಲುಗಳನ್ನು ಮತ್ತೆ ಬರೆಯಬೇಕು.